ಕಪ್ಪೆಯ ಶಿರ

ನನಗೆ ಡಾಕ್ಟರಾಗಬೇಕಿತ್ತು. ಅಪ್ಪನ ಲೆಕ್ಕದಲ್ಲಂತೂ ನಾನು ಆಗಿಯೇ ಬಿಟ್ಟಿದ್ದೆ. ರಜೆಗೆ ಧಾರವಾಡಕ್ಕೆ ಹೋದರೆ ಓಣಿಯಲ್ಲಿ ಕೆಮ್ಮುವವರನ್ನೆಲ್ಲ ಕರೆತಂದು ನನ್ನ ಮುಂದೆ ಕೂಡಿಸುತ್ತಿದ್ದರು. ನಾನಿನ್ನೂ ಪುಣೆಯ ಒಂದು ಚಿಕ್ಕ ಕಾಲೇಜಿನ ಜೀವಶಾಸ್ತ್ರದ ವಿದ್ಯಾರ್ಥಿ, ಪ್ರಾಕ್ಟಿಕಲ್ ಪರೀಕ್ಷೆ ಕೆಟ್ಟರೆ ಮೆಡಿಕಲ್ ಸಿಗುವುದಿಲ್ಲ ಎಂದರೆ, "ಅದೇನ್ ಮಹಾ, ಕಪ್ಪಿ ಕೊಯ್ಯೂದಲ್ಲೇನು?" ಎನ್ನುತ್ತಿದ್ದರು.

ನನಗದು ಮಹಾ ಆಗಿಯೇ ಇತ್ತು. ಪಾಠ ಇಂಗ್ಲಿಷಿನಲ್ಲಿ; ಅದನ್ನು ಹೇಗೋ ಬಾಯಿಪಾಠ ಮಾಡಿದ್ದೆ. ಕತ್ತರಿ ಕೊಡು, ಬೆಳಕು ಬಿಡು, ನೀರು ಹಾಕು ಎಂಬುದೆಲ್ಲ ಮಾತ್ರ ಮರಾಠಿಯಲ್ಲಿ. ನನ್ನ ಮರಾಠಿ ಕಾಯಿಪಲ್ಯ ಕೊಳ್ಳುವಷ್ಟಿತ್ತು. ಇಬ್ಬರಿಗೊಂದು ಕಪ್ಪೆ ಕೊಡುತ್ತಿದ್ದರು. ಜೊತೆಗಾರ ಚುರುಕು, ಅವನು ಕೊಯ್ಯುತ್ತಿದ್ದ. ನಾನು ಕಾಲು ಹಿಡಿದುಕೊಳ್ಳುತ್ತಿದ್ದೆ.

ಪರೀಕ್ಷೆಯ ದಿನ ಒಬ್ಬೊಬ್ಬರಿಗೆ ಒಂದೊಂದು ಕಪ್ಪೆ. ಬೇಸಿಗೆಯಲ್ಲಿ ಕಪ್ಪೆ ಸಿಗುವುದು ಕಷ್ಟ, ಕೆಡಿಸಿದವರಿಗೆ ಇನ್ನೊಂದಿಲ್ಲವೆಂದು ಮೊದಲೇ ಹೇಳಿದ್ದರು. ಹೃದಯವನ್ನೂ ಅದರ ರಕ್ತನಾಳಗಳನ್ನೂ ಬಿಡಿಸಿ ತೋರಿಸಬೇಕು. ಕ್ಲೋರೋಫಾರಂ ಕೊಟ್ಟ ಕಪ್ಪೆಯನ್ನು ಮೇಣದ ತಟ್ಟೆಯಲ್ಲಿ ಅಂಗಾತ ಮಲಗಿಸಿ ಗುಂಡುಸೂಜಿ ಚುಚ್ಚಿದೆ. ನಮಗೆ ಕಲಿಸುತ್ತಿದ್ದ ಡೆಮಾನ್‌ಸ್ಟ್ರೇಟರು, ಪಾಪ, ಒಳ್ಳೆಯ ಮನುಷ್ಯ. ಪರೀಕ್ಷಕರ ಕಣ್ಣು ತಪ್ಪಿಸಿ ನನ್ನ ಹತ್ತಿರ ಬಂದು, "ಶೀರ ಸಾಂಭಾಳ" ಎಂದು ಪಿಸುಗುಟ್ಟಿ ಹೋದರು.

ಸಾಂಭಾಳ ಎಂದರೆ ಜೋಪಾನ. ನಮ್ಮ ಕಡೆಯೂ ಸಂಭಾಳಿಸು ಅನ್ನುತ್ತೇವೆ. ಶೀರ ಎಂದರೆ ಶಿರ, ಅದಕ್ಕೇನು ನಿಘಂಟು ಬೇಕೇ? ತಲೆ ಜೋಪಾನ! ಎಡಗೈಯಲ್ಲಿ ಕಪ್ಪೆಯ ತಲೆಯನ್ನು ಹಸುಗೂಸಿನ ತಲೆಯಂತೆ ಹಿಡಿದೆ. ಅದರ ಮೇಲೇ ಕಣ್ಣಿಟ್ಟು ಬಲಗೈಯಿಂದ ಹೊಟ್ಟೆಯನ್ನು ನಟ್ಟನಡುವೆ ಕತ್ತರಿಸಿದೆ. ಅಲ್ಲೊಂದು ದೊಡ್ಡ ರಕ್ತನಾಳ ಹಾಯ್ದಿರುತ್ತದೆ, ಪಕ್ಕಕ್ಕೆ ಸರಿದು ಕೊಯ್ಯಬೇಕು ಎಂದು ಓದಿದ್ದೆ. ಆ ಗಳಿಗೆಯಲ್ಲಿ ತಲೆ ಬಿಟ್ಟು ಬೇರೇನೂ ತಲೆಯಲ್ಲಿರಲಿಲ್ಲ. ತಟ್ಟೆ ತುಂಬ ರಕ್ತ. ಒರೆಸಿದಷ್ಟೂ ಬಂತು. ಹೃದಯ ಎಲ್ಲಿದೆ, ಯಾವ ನಾಳ ಎತ್ತ ಹೋಗಿದೆ, ಒಂದೂ ಕಾಣಲಿಲ್ಲ. ಕಪ್ಪೆಯ ತಲೆಗೆ ಮಾತ್ರ ಏನೂ ಆಗಿರಲಿಲ್ಲ.

"ಅರೇ, ಮೀ ಸಾಂಗಿತಲಂ ಹೋತಂ ನಾ!" ಎಂದರು ಡೆಮಾನ್‌ಸ್ಟ್ರೇಟರು ಹೊರಗೆ. ಹೇಳಿದ್ದೆನಲ್ಲ ಎಂದು. ತಮ್ಮ ಮಣಿಕಟ್ಟಿನ ನೀಲಿ ನಾಳವನ್ನು ಬೆರಳಿನಿಂದ ತಟ್ಟಿ, "ಶೀರ, ಶೀರ" ಎಂದರು. ನಾನು ತಿಳಿದುಕೊಂಡದ್ದೇನೆಂದು ಬಿಡಿಸಿ ಹೇಳುವಷ್ಟು ಮರಾಠಿ ನನ್ನಲ್ಲಿರಲಿಲ್ಲ. ಸಿಟ್ಟು ಉಕ್ಕಿ ಬರುತ್ತಿತ್ತು, ಯಾರ ಮೇಲೆ ಮಾಡಿಕೊಳ್ಳುವುದೆಂದು ತಿಳಿಯಲಿಲ್ಲ. ಉಪಕಾರ ಮಾಡಲು ಬಂದವರ ಮೇಲೆಯೇ?

ಮೆಡಿಕಲ್ ಸಿಗಲಿಲ್ಲ. ಪುಣೆಯಲ್ಲೇ ಒಂದು ಕಚೇರಿಯಲ್ಲಿ ಗುಮಾಸ್ತನಾದೆ. ಕೆಲವು ವರ್ಷಗಳ ಮೇಲೆ ಅಪ್ಪನಿಗೆ ಕಾಯಿಲೆ ಜೋರಾದಾಗ ಇಲ್ಲಿಗೇ ಕರೆತಂದು ಆಸ್ಪತ್ರೆಗೆ ಸೇರಿಸಿದೆ. ಅವರ ಸೊರಗಿದ ಕೈಯನ್ನು ನರ್ಸಬಾಯಿ ತಟ್ಟಿದಳು, ತಿರುಗಿಸಿದಳು, ಅಲ್ಲಿಷ್ಟು ಇಲ್ಲಿಷ್ಟು ಸೂಜಿ ಚುಚ್ಚಿ ನೋಡಿದಳು. ಕಡೆಗೆ, "ಶೀರ ಸಾಪಡತ ನಾಹೀ" ಎಂದು ಡಾಕ್ಟರನ್ನು ಕರೆಯಲು ಹೋದಳು.

ಅಪ್ಪ ನನ್ನ ಮುಖ ನೋಡಿದರು. "ಏನಂದ್ಳೋ? ನನ್ನ ಶಿರಕ್ಕ ಏನಾಗೇದ?"

"ತಲಿ ಅಲ್ರಿ ಅಪ್ಪಾ, ರಕ್ತದ ನಾಳ. ಅದು ಸಿಗವಲ್ದಂತ."

"ಹಂಗಾರ ನೀನರ ನೋಡಪಾ" ಎಂದು ಆ ಕೈಯನ್ನು ನನ್ನ ಕಡೆ ಚಾಚಿದರು.

ಹಿಡಿದುಕೊಳ್ಳುವುದಷ್ಟೇ ನನಗೆ ಬರುತ್ತಿತ್ತು. ಹಿಡಿದುಕೊಂಡು ಕೂತೆ.