ಟರ್ಬೊ ಗಾಡಿಯ ಕೂಲಂಟ್ ಎಲ್ಲಿ ಹೋಗುತ್ತದೆ?

ನಾನು ದೊಡ್ಡಬಳ್ಳಾಪುರದ ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಮಾಡುತ್ತೇನೆ. ಮನೆ ಇರುವುದು ದೊಡ್ಡಬೆಳವಂಗಲದ ಹತ್ತಿರ. ಎಷ್ಟೋ ವರ್ಷ ಸ್ಕೂಟರಿನಲ್ಲಿ ಓಡಾಡಿ, ಜಲ್ಲಿ ಲಾರಿಗಳ ಧೂಳು ಕುಡಿದು ಸಾಕಾಗಿ, ಕಾರು ತೆಗೆದುಕೊಳ್ಳುತ್ತೇನೆ ಎಂದಾಗ ಮನೆಯಲ್ಲಿ ಯಾರೂ ಬೇಡ ಎನ್ನಲಿಲ್ಲ. ನನ್ನ ಗಂಡನಿಗೆ ಕಾರು ಓಡಿಸಲು ಬರುವುದಿಲ್ಲ, ಕಲಿಯುವ ಆಸೆಯೂ ಇಲ್ಲ. ಅವರು ಕೆಲಸ ಮಾಡುವ ಬಟ್ಟೆ ಕಾರ್ಖಾನೆಯ ಬಸ್ಸು ಮನೆ ಹತ್ತಿರವೇ ಬಂದು ಹತ್ತಿಸಿಕೊಂಡು ಹೋಗುತ್ತದೆ. ಹಾಗಾಗಿ ಯಾವ ಕಾರು, ಯಾವ ಎಂಜಿನ್ ಎಂದು ಓದಿ ನೋಡಿ ಆರಿಸಿದ್ದೆಲ್ಲ ನಾನೇ.

ಆರಿಸಿದ್ದು ಒಂದು ಲೀಟರಿನ ಪುಟ್ಟ ಟರ್ಬೊ ಪೆಟ್ರೋಲ್ ಎಂಜಿನ್. ಮೂರೇ ಸಿಲಿಂಡರ್. ಸೈಲೆನ್ಸರಿನ ಕಡೆ ಹೋಗುವ ಬಿಸಿ ಹೊಗೆಯೇ ಒಂದು ಪುಟ್ಟ ಚಕ್ರವನ್ನು ತಿರುಗಿಸುತ್ತದೆ, ಆ ಚಕ್ರ ಇನ್ನೊಂದು ಚಕ್ರವನ್ನು ತಿರುಗಿಸಿ ಸಿಲಿಂಡರುಗಳ ಒಳಗೆ ಗಾಳಿಯನ್ನು ಒತ್ತಿ ತುಂಬುತ್ತದೆ. ಹೆಚ್ಚು ಗಾಳಿ, ಹೆಚ್ಚು ಪೆಟ್ರೋಲ್, ಹೆಚ್ಚು ಶಕ್ತಿ. ವ್ಯರ್ಥವಾಗಿ ಹೋಗುವುದನ್ನು ಹಿಡಿದು ದುಡಿಸಿಕೊಳ್ಳುವ ಈ ಜಾಣತನ ನನಗೆ ತುಂಬ ಇಷ್ಟವಾಗಿತ್ತು. ಷೋರೂಮಿನವನು ಬಾಯಿಪಾಠ ಒಪ್ಪಿಸಿದ: "ಮೇಡಂ, ಒಂದೇ ಲೀಟರ್, ಆದ್ರೆ ಒಂದೂವರೆ ಲೀಟರ್ ಗಾಡಿ ಥರ ಎಳೆಯುತ್ತೆ. ಟಾರ್ಕ್ ಕೆಳಗಡೆಯಿಂದ್ಲೇ ಸಿಗುತ್ತೆ."

"ಅಷ್ಟು ಚಿಕ್ಕ ಎಂಜಿನ್ನಿಂದ ಅಷ್ಟು ಶಕ್ತಿ ತೆಗೆದ್ರೆ ಬಿಸಿ ಎಷ್ಟಾಗುತ್ತೆ? ಬಾಳಿಕೆ ಹೇಗೆ?" ಎಂದು ಕೇಳಿದೆ.

"ಸನ್‌ರೂಫ್ ಇದೆ ಮೇಡಂ," ಎಂದು ಗುಂಡಿ ಒತ್ತಿ ಚಾವಣಿ ತೆರೆದು ತೋರಿಸಿದ.

ಆಗಲೇ ಎದ್ದು ಬರಬೇಕಿತ್ತೇನೋ. ಆದರೆ ಕಾರು ನಿಜಕ್ಕೂ ಚೆನ್ನಾಗಿತ್ತು. ಕಲ್ಲು ಹೇರಿದ ಟಿಪ್ಪರ್ ಮುಂದೆ ತೆವಳುತ್ತಿದ್ದರೆ, ಎದುರು ರಸ್ತೆ ಖಾಲಿ ಕಂಡ ತಕ್ಷಣ ಕಾಲು ಒತ್ತಿದರೆ ಸಾಕು, ಗಾಡಿ ಉಸಿರು ಎಳೆದುಕೊಂಡು ಮುಂದೆ ಚಿಮ್ಮುತ್ತಿತ್ತು. ನನ್ನ ಅತ್ತೆಗಂತೂ ಅದರ ಮೇಲೆ ಪ್ರಾಣ. ಮುಂದಿನ ಸೀಟು ಅವರದೇ. ಗಾಜು ಇಳಿಸಿ, ಸೆರಗು ಬಿಗಿಯಾಗಿ ಸಿಕ್ಕಿಸಿಕೊಂಡು, ದಾರಿಯಲ್ಲಿ ಕಂಡವರನ್ನೆಲ್ಲ ಮಾತಾಡಿಸುತ್ತಿದ್ದರು.

ವರ್ಷ ದಾಟಿದ ಮೇಲೆ ಒಂದು ಬೆಳಿಗ್ಗೆ ಬಾನೆಟ್ ಎತ್ತಿ ನೋಡಿದೆ. ಎಂಜಿನ್ ತಂಪಾಗಿಡುವ ಕೂಲಂಟ್ ಡಬ್ಬಿಯಲ್ಲಿ ಕೆಳಗಿನ ಗೆರೆಗಿಂತ ಕೆಳಗೆ ಹೋಗಿತ್ತು. ಸರ್ವಿಸ್ ಸೆಂಟರಿಗೆ ಒಯ್ದೆ. ಅಲ್ಲಿನ ಸರ್ವಿಸ್ ಅಡ್ವೈಸರ್, ಕುತ್ತಿಗೆಗೆ ಗುರುತಿನ ಚೀಟಿ ನೇತುಹಾಕಿಕೊಂಡ ಯುವಕ, ಡಬ್ಬಿ ತುಂಬಿಸಿ ಕಳಿಸಿದ. ಸ್ವಲ್ಪ ದಿನಕ್ಕೆ ಮತ್ತೆ ಇಳಿಯಿತು. ಮತ್ತೆ ಹೋದೆ. ಮತ್ತೆ ತುಂಬಿಸಿದ.

"ಟರ್ಬೊ ಗಾಡಿ ಅಲ್ವಾ ಮೇಡಂ, ಸ್ವಲ್ಪ ಕುಡಿಯುತ್ತೆ. ನಾರ್ಮಲ್."

"ಕೂಲಂಟ್ ಓಡಾಡೋದು ಮುಚ್ಚಿದ ಕೊಳವೆಗಳ ಒಳಗೆ. ಕುಡಿಯೋಕೆ ಅದೇನು ಪೆಟ್ರೋಲಾ? ಕಮ್ಮಿ ಆಗ್ತಿದೆ ಅಂದ್ರೆ ಎಲ್ಲೋ ಹೊರಗೆ ಹೋಗ್ತಿದೆ. ಎಲ್ಲಿ ಅಂತ ಹೇಳಿ."

"ಕೆಳಗೆ ಒಂದು ಹನೀನೂ ಬಿದ್ದಿಲ್ಲ ಮೇಡಂ. ಚೆಕ್ ಮಾಡಿದೀವಿ."

"ಎಂಜಿನ್ ತಣ್ಣಗಿದ್ದಾಗ ನೋಡಿದೀರ. ಬಿಸಿ ಇದ್ದಾಗ, ಒತ್ತಡ ಇದ್ದಾಗ ನೋಡಿ. ಬಿಸಿ ಲೋಹದ ಮೇಲೆ ಬಿದ್ದರೆ ಅಲ್ಲೇ ಆವಿ ಆಗುತ್ತೆ, ನೆಲಕ್ಕೆ ಹೇಗೆ ಬೀಳುತ್ತೆ?"

ಅವನು ನಕ್ಕ. ಆ ನಗು ಇವತ್ತಿಗೂ ನನ್ನ ಮೈ ಉರಿಸುತ್ತದೆ. "ಮೇಡಂ, ಮುಂದಿನ ಸಲ ಸರ್‌ನ ಕರ್ಕೊಂಡು ಬನ್ನಿ, ಅವರಿಗೆ ಎಕ್ಸ್‌ಪ್ಲೇನ್ ಮಾಡ್ತೀನಿ," ಎಂದ.

ಅದಾದ ಮೇಲೆ ಅತ್ತೆಗೆ ಕಣ್ಣಿನ ಪೊರೆ ತೆಗೆಸಿದೆವು. ಆಪರೇಷನ್ ಆದ ಮೇಲೆ ತೋರಿಸಿಕೊಂಡು ಬರಲು ಅವರನ್ನು ದೇವನಹಳ್ಳಿಗೆ ಕರೆದುಕೊಂಡು ಹೋಗಿದ್ದೆ. ವಾಪಸು ಬರುವಾಗ ಹೊಸ ರಿಂಗ್ ರಸ್ತೆ ಹಿಡಿದೆ. ಮಧ್ಯಾಹ್ನದ ಬಿಸಿಲು. ಕಂಟೇನರ್ ಲಾರಿಗಳು ಸಾಲುಗಟ್ಟಿ ಹೋಗುತ್ತಿದ್ದವು. ಅತ್ತೆ ಕಪ್ಪು ಕನ್ನಡಕ ಹಾಕಿಕೊಂಡು ಕೂತಿದ್ದವರು ಇದ್ದಕ್ಕಿದ್ದಂತೆ ಮೂಗು ಎಳೆದರು.

"ಆಲೆಮನೆ ಐತೇನವ್ವಾ ಇಲ್ಲಿ? ಬೆಲ್ಲ ಕಾಯ್ಸಿದಂಗೆ ವಾಸ್ನೆ ಬತ್ತೈತೆ."

ಕೂಲಂಟಿಗೆ ಸಿಹಿ ವಾಸನೆ ಇರುತ್ತದೆ. ಕೆಂಪು ದೀಪ ಹೊತ್ತಿಕೊಂಡಿದ್ದೂ, ಎಂಜಿನ್ ತಾನಾಗಿ ಶಕ್ತಿ ಕಡಿಮೆ ಮಾಡಿಕೊಂಡಿದ್ದೂ ಒಟ್ಟಿಗೇ ಆಯಿತು. ಎಷ್ಟು ಒತ್ತಿದರೂ ಗಾಡಿ ಮುಂದೆ ಹೋಗಲೊಲ್ಲದು. ನಿಂತ ಜಾಗವೋ, ಮೇಲ್ಸೇತುವೆಯ ಏರು. ಪಕ್ಕಕ್ಕೆ ಎಳೆದು ಎಂಜಿನ್ ಆರಿಸಿದೆ. ಹಿಂದೆ ಬರುತ್ತಿದ್ದ ಲಾರಿ ಹಾರನ್ ಬಜಾಯಿಸುತ್ತ, ಕನ್ನಡಿಗೆ ತಾಗಿಯೇಬಿಟ್ಟಿತು ಅನ್ನುವಷ್ಟು ಹತ್ತಿರದಲ್ಲಿ ಹಾದುಹೋಯಿತು. ಇಡೀ ಕಾರು ನಡುಗಿತು.

ಬಾನೆಟ್ಟಿನ ಸಂದಿಯಿಂದ ಬಿಳಿ ಹಬೆ ಏಳುತ್ತಿತ್ತು. ನಾನು ಡಿಕ್ಕಿಯಲ್ಲಿ ಎಚ್ಚರಿಕೆಯ ಕೆಂಪು ತ್ರಿಕೋನ ಹುಡುಕುತ್ತಿದ್ದರೆ, ಅತ್ತೆ ಆ ಕಡೆಯಿಂದ ಇಳಿದು, ತಡೆಗೋಡೆ ಹಿಡಿದುಕೊಂಡೇ ಗಾಡಿಯಿಂದ ಅಷ್ಟು ದೂರ ಹಿಂದಕ್ಕೆ ನಡೆದಿದ್ದರು. ಅಲ್ಲಿ ನಿಂತು ಸೆರಗನ್ನು ಪೂರ್ತಿ ಬಿಚ್ಚಿ ಗಾಳಿಯಲ್ಲಿ ಬೀಸುತ್ತ, ಬರುವ ಲಾರಿಗಳನ್ನು ಹೊಲಕ್ಕೆ ನುಗ್ಗಿದ ದನಗಳನ್ನು ಅಟ್ಟುವಂತೆ, "ಅತ್ಲಾಗೋಗು! ಅತ್ಲಾಗೋಗು!" ಎಂದು ಕೂಗುತ್ತಿದ್ದರು. ಒಂದು ಕಣ್ಣಿಗೆ ಇನ್ನೂ ಸರಿಯಾಗಿ ಕಾಣುತ್ತಿರಲಿಲ್ಲ ಅವರಿಗೆ. ನಾನು ಓಡಿಹೋಗಿ ಕೈ ಹಿಡಿದು ಎಳೆದೆ. "ಬಿಡವ್ವಾ, ನೀನು ಗಾಡಿ ನೋಡೋಗು," ಎಂದು ನನ್ನನ್ನೇ ಗದರಿದರು. ಹೆದ್ದಾರಿಯ ಗಸ್ತು ವಾಹನ ಬಂದು ಹಿಂದೆ ನಿಲ್ಲುವ ತನಕ ಅವರು ಅಲ್ಲಿಂದ ಕದಲಲಿಲ್ಲ.

ಕಾರನ್ನು ಎಳೆದುಕೊಂಡು ಹೋದರು. ಮಾರನೆಯ ದಿನ ಸರ್ವಿಸ್ ಸೆಂಟರಿನಿಂದ ಫೋನು ಬಂತು. ಹೆಡ್ ಗ್ಯಾಸ್ಕೆಟ್ ಹೋಗಿದೆ, ಅಂದರೆ ಎಂಜಿನ್ನಿನ ಎರಡು ಭಾಗಗಳ ನಡುವಿನ ಪದರ ಬಿಸಿಗೆ ಕೆಟ್ಟಿದೆ, ವಾರಂಟಿಗೆ ಬರುವುದಿಲ್ಲ ಎಂದರು. ಯಾಕೆ? ಕೆಂಪು ದೀಪ ಬಂದ ಮೇಲೂ ನಾನು ಗಾಡಿ ಓಡಿಸಿದ್ದೇನಂತೆ!

ಶನಿವಾರ ಶಾಲೆ ಮುಗಿಸಿ ನೇರ ಅಲ್ಲಿಗೆ ಹೋದೆ. ಗಂಡನೂ ಬಂದಿದ್ದರು. ಬೇಡವೆಂದರೂ ಕೇಳದೆ ಅತ್ತೆಯೂ ಅವರ ಜೊತೆ ಹೊರಟು ಬಂದಿದ್ದರು. ಕೋಣೆಯಲ್ಲಿ ಮ್ಯಾನೇಜರ್ ನನ್ನ ಕಡೆ ತಿರುಗಲೂ ಇಲ್ಲ. ನನ್ನ ಗಂಡನಿಗೇ ಹೇಳತೊಡಗಿದ: "ನೋಡಿ ಸರ್, ಲೇಡೀಸ್ ಡ್ರೈವ್ ಮಾಡುವಾಗ ವಾರ್ನಿಂಗ್ ಗಮನಿಸಲ್ಲ..."

"ಸ್ವಾಮಿ, ನಂಗೆ ಗಾಡಿ ಓಡ್ಸಕ್ಕೇ ಬರಲ್ಲ," ಎಂದರು ನನ್ನ ಗಂಡ. "ಗಾಡಿ ಅವರದು, ಓಡಿಸಿದ್ದು ಅವರು. ಅವರ ಹತ್ರ ಮಾತಾಡಿ."

"ದೀಪ ಬಂದ ಕ್ಷಣವೇ ನಿಲ್ಲಿಸಿದೀನಿ," ಎಂದೆ. "ಅದಕ್ಕೂ ಮುಂಚೆ ಎಷ್ಟು ಸಲ ಬಂದು ಕೂಲಂಟ್ ಕಮ್ಮಿ ಆಗ್ತಿದೆ ಅಂತ ಇಲ್ಲೇ ನಿಂತು ಹೇಳಿದೀನಿ. ಗಾಡಿ ಕುಡಿಯುತ್ತೆ ಅಂದವರು ನೀವು."

ಅತ್ತೆ ಸುಮ್ಮನಿರಲಿಲ್ಲ. "ನಾನು ಪಕ್ಕದಾಗೇ ಕೂತಿದ್ದೆ ಕಣಪ್ಪ. ಲಾರಿ ಕೆಳಗೆ ಹೋಗಿದ್ರೆ ಯಾರ್ಗೆ ಫೋನ್ ಮಾಡ್ತಿದ್ದೆ ನೀನು?"

ಮ್ಯಾನೇಜರ್ ಮುಖ ಬಿಗಿಯಾಯಿತು. ಕಂಪನಿಯ ನಿಯಮ ಎಂದ. ನನ್ನ ದನಿ ಏರಿತು. ಹೊರಗೆ ಕಾಯುವ ಜಾಗಕ್ಕೂ ಕೇಳಿಸಿರಬೇಕು. ಬಾಗಿಲು ತಳ್ಳಿಕೊಂಡು ಒಬ್ಬರು ಒಳಗೆ ಬಂದರು. ಬಿಳಿ ಷರಟು, ಕೈಯಲ್ಲಿ ಹೆಲ್ಮೆಟ್. ಹೊಸಕೋಟೆ ತಾಲ್ಲೂಕಿನ ಸಮೇತನಹಳ್ಳಿಯವರು, ಹೂವು ಬೆಳೆಯುವವರು ಎಂದು ಆಮೇಲೆ ಗೊತ್ತಾಯಿತು.

"ಏನ್ ಅಕ್ಕ, ನಿಮ್ದೂ ಕೂಲಂಟಾ?" ಎಂದರು.

ಅವರದೂ ಅದೇ ಕಾರು, ಅದೇ ಎಂಜಿನ್; ಕೂಲಂಟ್ ಇಳಿಯುತ್ತಿದೆ ಎಂದು ಅಲ್ಲಿ ಬಿಟ್ಟುಹೋಗಿದ್ದ ಗಾಡಿ ಒಯ್ಯಲು ಬಂದಿದ್ದರು. ಅವರಿಗೂ ಇದೇ ಯುವಕ "ಟರ್ಬೊ ಗಾಡಿ, ಕುಡಿಯುತ್ತೆ" ಎಂದಿದ್ದ. ಅವರು ಮ್ಯಾನೇಜರ್ ಕಡೆ ತಿರುಗಿದರು. "ಏನ್ ಗುರು, ನಂಗೆ 'ನಿಮ್ದೊಬ್ರದ್ದೇ ಕಂಪ್ಲೇಂಟು, ಬೇರೆ ಯಾರೂ ಹೇಳಿಲ್ಲ' ಅಂದ್ರಲ್ಲ?"

ನಾನು ಕೇಳಿದ್ದು ಒಂದೇ: "ಬಿಸಿ ಎಂಜಿನ್ನಲ್ಲಿ ಒತ್ತಡ ಕೊಟ್ಟು, ನಮ್ಮ ಕಣ್ಣೆದುರಿಗೆ ನೋಡಿ. ಇವರ ಗಾಡೀಲೇ ನೋಡಿ, ಅದು ಇನ್ನೂ ಓಡ್ತಿದೆಯಲ್ಲ."

ಒಲ್ಲದ ಮನಸ್ಸಿನಿಂದ ಮಾಡಿದರು. ಎಂಜಿನ್ ಚೆನ್ನಾಗಿ ಕಾದ ಮೇಲೆ ಟರ್ಬೊದ ಹಿಂದೆ ಕೂಲಂಟ್ ಹಾದುಹೋಗುವ ಪ್ಲಾಸ್ಟಿಕ್ ಗೂಡೊಂದರ ಅಂಚಿನಲ್ಲಿ, ಕೂದಲಿನಷ್ಟು ಸಣ್ಣ ಬಿರುಕಿನಿಂದ ಹಬೆ ಸುಯ್ಯೆಂದಿತು. ಎಂಜಿನ್ನಿನಲ್ಲೇ ಅತಿ ಬಿಸಿಯಾದ ಜಾಗ ಅದು. ಅಲ್ಲಿ ಪ್ಲಾಸ್ಟಿಕ್ ಇಟ್ಟವರ ಬುದ್ಧಿಗೆ ಏನೆನ್ನಬೇಕು! ನನ್ನ ಗಾಡಿಯದನ್ನು ಬಿಚ್ಚಿದರೆ ಅಲ್ಲೂ ಅದೇ ಬಿರುಕು, ಇನ್ನೂ ಅಗಲವಾಗಿ.

ಮ್ಯಾನೇಜರ್ ಎಲ್ಲಿಗೋ ಫೋನ್ ಮಾಡಿ ಬಂದು, ನಗುಮುಖ ಮಾಡಿಕೊಂಡು ಹೇಳಿದ: "ಮೇಡಂ, ಗುಡ್‌ವಿಲ್ ಮೇಲೆ ಎಲ್ಲಾ ಫ್ರೀಯಾಗಿ ಮಾಡಿಕೊಡ್ತಿದೀವಿ."

"ಗುಡ್‌ವಿಲ್ ಅಂದ್ರೆ? ನೀವು ದೊಡ್ಡ ಮನಸ್ಸು ಮಾಡಿ ಕೊಡ್ತಿರೋ ದಾನವಾ ಇದು? ತಪ್ಪು ನಿಮ್ಮದು ಅಂತ ಹೇಳಿ, ಸಾಕು."

ಹೇಳಲಿಲ್ಲ. ಕೊನೆಯವರೆಗೂ ಆ ಮಾತು ಅವನ ಬಾಯಿಂದ ಬರಲಿಲ್ಲ.

ಗಾಡಿ ತರಲು ಹೋದ ದಿನ ಬಾನೆಟ್ ಎತ್ತಿಸಿ ನೋಡಿದೆ. ಹೊಸ ಗೂಡು ಅಲ್ಯೂಮಿನಿಯಂನದು. ನಾನು ಅಲ್ಲೇ ನಿಂತುಬಿಟ್ಟೆ. ಕಂಪನಿ ಆ ಭಾಗವನ್ನು ಲೋಹದಲ್ಲಿ ಮಾಡಿಸಿ ಕಪಾಟಿನಲ್ಲಿ ಇಟ್ಟುಕೊಂಡಿದೆ ಎಂದರೆ, ಪ್ಲಾಸ್ಟಿಕ್ ಒಡೆಯುತ್ತದೆ ಎಂಬುದು ಅವರಿಗೆ ಯಾವತ್ತೋ ಗೊತ್ತಿದೆ. ಗೊತ್ತಿದ್ದೂ ಡಬ್ಬಿ ತುಂಬಿಸಿ ಕಳಿಸಿದರು. ಗೊತ್ತಿದ್ದೂ ನನ್ನನ್ನು ನೋಡಿ ನಕ್ಕರು. ಪೊರೆ ತೆಗೆಸಿಕೊಂಡ ಹೆಂಗಸೊಬ್ಬಳು ಕಂಟೇನರ್ ಲಾರಿಗಳಿಗೆ ಎದುರಾಗಿ ನಿಲ್ಲಬೇಕಾಯಿತು. ಆ ಯುವಕ ಕೀ ಕೊಡುತ್ತ ಮೆಲ್ಲಗೆ, "ಮೇಡಂ, ಫೀಡ್‌ಬ್ಯಾಕ್ ಕಾಲ್ ಬರುತ್ತೆ, ಹತ್ತಕ್ಕೆ ಹತ್ತು ಕೊಟ್ಬಿಡಿ ಪ್ಲೀಸ್," ಎಂದ. ಕೀ ಕಿತ್ತುಕೊಂಡು ಹೊರಟುಬಂದೆ.

ಆ ಕರೆ ಬಂದಾಗ ಸ್ಟಾಫ್‌ರೂಮಿನಲ್ಲಿದ್ದೆ. ನಡೆದದ್ದನ್ನೆಲ್ಲ ಮೊದಲಿನಿಂದ ಹೇಳಿದೆ. ಆ ಕಡೆಯ ಹುಡುಗಿ ತಾಳ್ಮೆಯಿಂದ ಕೇಳಿಸಿಕೊಂಡು, "ಮೇಡಂ, ನನ್ನ ಸ್ಕ್ರೀನಲ್ಲಿ ನಂಬರ್ ಮಾತ್ರ ಹಾಕೋಕಾಗೋದು," ಎಂದಳು. ಸೊನ್ನೆ ಹಾಕಿ ಎಂದೆ. ಒಂದರಿಂದ ಶುರುವಂತೆ!

ವಾರ ಕಳೆಯುವಷ್ಟರಲ್ಲಿ ಸಮೇತನಹಳ್ಳಿಯವರ ಫೋನು ಬಂತು. "ಅಕ್ಕ, ನಿಮ್ಗೆ ಹಾಕಿರೋದು ಅಲ್ಯೂಮಿನಿಯಂದಾ? ನಂಗೆ ಮತ್ತೆ ಪ್ಲಾಸ್ಟಿಕ್‌ದೇ ಹಾಕವ್ರೆ. ಕೇಳಿದ್ರೆ ಎರಡೂ ಒಂದೇ ಅಂತಾರೆ."

"ನೀವು ಹೊರಡಿ," ಎಂದೆ. "ನಾನೂ ಬರ್ತೀನಿ."

ಅರ್ಧ ದಿನ ರಜೆ ಬರೆದುಕೊಟ್ಟು ಹೋದೆ. ಮ್ಯಾನೇಜರ್ ನಮ್ಮಿಬ್ಬರನ್ನೂ ಒಟ್ಟಿಗೆ ಕಂಡವನೇ ಕುರ್ಚಿಯಿಂದ ಎದ್ದ. ಸ್ಟಾಕ್ ಇಲ್ಲ, ಮುಂದಿನ ತಿಂಗಳು ಬನ್ನಿ ಎಂದ. ಬರುವ ತನಕ ಇಲ್ಲೇ ಕೂತಿರುತ್ತೇವೆ ಎಂದು ಕಾಯುವ ಸೋಫಾದ ಮೇಲೆ ಕೂತೆವು. ಗಾಡಿ ತೆಗೆದುಕೊಂಡು ಹೋಗಲು ಬಂದು, ಏನು ವಿಷಯ ಎಂದು ಕೇಳಿದವರಿಗೆಲ್ಲ ಸಮೇತನಹಳ್ಳಿಯವರು ಗಟ್ಟಿ ದನಿಯಲ್ಲಿ ವಿವರಿಸಿದರು. ಇಬ್ಬರು ಎದ್ದುಹೋಗಿ ತಮ್ಮ ಬಾನೆಟ್ ಎತ್ತಿ ನೋಡಿ ಬಂದರು. ಸಂಜೆಯ ಹೊತ್ತಿಗೆ, ಇಲ್ಲವೆಂದಿದ್ದ ಆ ಲೋಹದ ಗೂಡು ಅದೇ ಕಟ್ಟಡದ ಒಳಗಿನಿಂದಲೇ ಬಂತು.