ಬೆರಳಿಗೆ ಸಿಗದ ಪಿನ್ನು

ಬಳ್ಳಾರಿಯ ಗಾಂಧಿನಗರದಲ್ಲಿ ನಮ್ಮ ಮನೆಯ ಹಿಂದೆ ತಗಡಿನ ಶೆಡ್ಡೊಂದಿದೆ. ವಾರವೆಲ್ಲ ಗ್ಯಾರೇಜಿನಲ್ಲಿ ಊರಿನವರ ಗಾಡಿಗಳನ್ನು ರಿಪೇರಿ ಮಾಡುವುದು ನನ್ನ ಹೊಟ್ಟೆಪಾಡು. ಭಾನುವಾರ ಬಂತೆಂದರೆ ಈ ಶೆಡ್ಡು ಸೇರಿ, ಯಾವುದಾದರೂ ಹಳೆಯ ಜಪಾನಿ ಕಾರನ್ನು ಬಿಚ್ಚಿ ನನ್ನ ಮನಸ್ಸಿಗೆ ಬಂದ ಹಾಗೆ ಮತ್ತೆ ಕಟ್ಟುವುದು ನನ್ನ ಹುಚ್ಚು.

ಆ ಹುಚ್ಚು ಹಿಡಿದಾಗ ನನಗಿನ್ನೂ ಮೀಸೆ ಸರಿಯಾಗಿ ಬಂದಿರಲಿಲ್ಲ. ಅಲ್ಲಿಯವರೆಗೆ ನಾನು ಬಿಚ್ಚಿದ್ದೆಲ್ಲ ಜೀಪು, ಲಾರಿ, ಅಂಬಾಸಿಡರ್ ಬಗೆಯ ಭಾರದ ಗಾಡಿಗಳು. ಒಂದು ದಿನ ಗ್ಯಾರೇಜಿಗೆ ಬಂದ ಸಣ್ಣ ಜಪಾನಿ ಕಾರಿನ ಬಾನೆಟ್ ಎತ್ತಿ ನೋಡಿ ಹಾಗೇ ನಿಂತುಬಿಟ್ಟೆ. ಒಂದು ತಂತಿಯೂ ಅಡ್ಡಾದಿಡ್ಡಿ ಇರಲಿಲ್ಲ. ಯಾವ ಬೋಲ್ಟಿಗೆ ಕೈ ಹಾಕಿದರೂ ಪಾನಾ ತಿರುಗಿಸಲು ಜಾಗ ಬಿಟ್ಟಿದ್ದರು. ನನ್ನಂಥವನೊಬ್ಬ ಇದನ್ನು ಮುಂದೆ ಎಂದೋ ಬಿಚ್ಚುತ್ತಾನೆಂದು ಮೊದಲೇ ಯೋಚಿಸಿ ಮಾಡಿದಂತಿತ್ತು. ಗಣಿ ಜೋರಿದ್ದ ಕಾಲದಲ್ಲಿ ಜನ ದೊಡ್ಡ ದೊಡ್ಡ ಗಾಡಿ ಕೊಂಡು ಹಳೆಯವನ್ನು ಮೂಲೆಗೆ ತಳ್ಳಿದರು. ಅಂಥವನ್ನು ತಂದು, ಒಂದರ ಇಂಜಿನ್ನು ಮತ್ತೊಂದಕ್ಕೆ ಕೂಡಿಸಿ, ನಮ್ಮ ಬಿಸಿಲಿಗೆ ತಡೆಯುವ ದಪ್ಪನೆಯ ರೇಡಿಯೇಟರ್ ಹಾಕಿ, ನಮ್ಮ ರಸ್ತೆಗೆ ತಕ್ಕಂತೆ ಸ್ಪ್ರಿಂಗು ಬದಲಿಸಿ ಓಡಿಸುತ್ತಿದ್ದೆ.

ಅವುಗಳಲ್ಲಿ ಎಲ್ಲಕ್ಕಿಂತ ಚೆನ್ನಾಗಿ ಬಂದ ಬೆಳ್ಳಿ ಬಣ್ಣದ ಕಾರನ್ನು ಮಗಳಿಗೆ ಕೊಟ್ಟೆ. ಆಕೆ ನಮ್ಮ ಮನೆಯಿಂದಲೇ ದಿನಾ ಸಿರುಗುಪ್ಪಕ್ಕೆ ಹೋಗಿ ಅಲ್ಲಿನ ಕಾಲೇಜೊಂದರಲ್ಲಿ ಪಾಠ ಮಾಡುತ್ತಾಳೆ. ಹೊಸ ಕಾರು ಕೊಳ್ಳುವ ಶಕ್ತಿ ಆಕೆಗಿತ್ತು. ಆದರೂ ಇದನ್ನೇ ಓಡಿಸುತ್ತಿದ್ದಳು. ಅದು ನನಗೆ ಹೆಮ್ಮೆಯ ವಿಷಯವಾಗಿತ್ತು.

ಹೋದ ವರ್ಷದ ಬೇಸಿಗೆಯ ಹೊತ್ತಿಗೆ ನನ್ನ ಬೆರಳುಗಳಲ್ಲಿ ಏನೋ ಕಡಿಮೆಯಾಗಿರುವುದು ಗೊತ್ತಾಯಿತು. ಸಕ್ಕರೆ ಕಾಯಿಲೆ ಇದ್ದದ್ದೇ, ಮಾತ್ರೆ ನುಂಗುತ್ತಿದ್ದೆ. ಆದರೆ ಒಂದು ದಿನ ಬಿಸಿ ಸೈಲೆನ್ಸರ್ ಕೊಳವೆ ಹಿಡಿದಾಗ ಮೊದಲು ಮೂಗಿಗೆ ಚರ್ಮ ಸುಟ್ಟ ವಾಸನೆ ಬಂತು, ಆಮೇಲೆ ಕೈ ಬಿಟ್ಟೆ. ನೋವೇ ಇರಲಿಲ್ಲ. ನಟ್ಟು ಬೋಲ್ಟಿನ ಸುತ್ತುಗೆರೆಗೆ ಸರಿಯಾಗಿ ಕೂತಿತೋ ಓರೆಯಾಯಿತೋ ಎಂಬುದು ಬೆರಳಿಗೆ ತಿಳಿಯಬೇಕು. ಅದು ಯಾರ ಕಣ್ಣಿಗೂ ಕಾಣುವುದಿಲ್ಲ. ಅದೇ ನನಗೆ ತಿಳಿಯದಾಗುತ್ತಿತ್ತು. ಹೆಂಡತಿ ಅಂಗಿ ಗುಂಡಿ ಹಾಕಿಕೊಡಲು ಬಂದರೆ ಸಿಡುಕಿ ದೂರ ಸರಿಯುತ್ತಿದ್ದೆ. ಯಾರಿಗೂ ಹೇಳಲಿಲ್ಲ. ಹೇಳಿದರೆ ಶೆಡ್ಡಿಗೆ ಬೀಗ ಬೀಳುತ್ತದೆಂಬ ಭಯ.

ಹಾಗಿರುವಾಗಲೇ ಒಂದು ಭಾನುವಾರ ಮಗಳ ಕಾರಿನ ಮುಂದಿನ ಚಕ್ರಗಳ ಹಿಂದೆ ಸ್ಟೇರಿಂಗಿನ ಸರಳು ಸೇರುವ ಕೀಲುಗಳನ್ನು ಬದಲಿಸಿದೆ. ಆ ಕೀಲನ್ನು ಒಂದು ನಟ್ಟು ಹಿಡಿದಿರುತ್ತದೆ. ನಟ್ಟು ತಾನಾಗಿ ಬಿಚ್ಚಿಕೊಳ್ಳದಂತೆ ಅದರ ತೂತಿನಲ್ಲಿ ಒಂದು ಪಿನ್ನು ತೂರಿಸಿ, ಅದರ ಎರಡು ಕಾಲುಗಳನ್ನು ಎರಡು ಕಡೆಗೆ ಬಗ್ಗಿಸಬೇಕು. ಹೇರ್‌ಪಿನ್ನಿನಷ್ಟು ಸಣ್ಣದು. ಅದಿಲ್ಲದಿದ್ದರೆ ನಟ್ಟು ಕುಲುಕಾಟಕ್ಕೆ ಸಡಿಲಾಗಿ ಬೀಳುತ್ತದೆ. ಆಮೇಲೆ ಸ್ಟೇರಿಂಗು ಒಂದು ಕಡೆಗೆ ತಿರುಗಿದರೆ ಚಕ್ರ ತನಗೆ ಬೇಕಾದ ಕಡೆ ಹೋಗುತ್ತದೆ.

ಮರುದಿನ ಬೆಳಿಗ್ಗೆ ಮಗಳು ಕಾಲೇಜಿಗೆ ಹೊರಟಳು. ನಾನು ಶೆಡ್ಡು ಗುಡಿಸುತ್ತಿದ್ದಾಗ ಬೆಂಚಿನ ಕೆಳಗೆ ಏನೋ ಮಿನುಗಿತು. ಬಗ್ಗಿ ನೋಡಿದರೆ ಪಿನ್ನು. ಹೊಸದು, ನೆಟ್ಟಗಿತ್ತು.

ಪೊಟ್ಟಣದಿಂದ ಹೆಚ್ಚುವರಿಯಾಗಿ ಉದುರಿದ್ದಿರಬಹುದು. ಇಲ್ಲವೇ ನಾನು ಹಾಕಿದೆನೆಂದುಕೊಂಡದ್ದು ಹಾಕುವಾಗಲೇ ಬೆರಳಿಂದ ಜಾರಿದ್ದಿರಬಹುದು. ಎರಡೂ ಕಡೆ ತೂರಿಸಿದ ನೆನಪಿತ್ತು. ಆದರೆ ಅದು ತಲೆಯ ನೆನಪು, ಕೈಯ ನೆನಪಲ್ಲ. ಇಷ್ಟು ವರ್ಷ ನಾನು ನಂಬಿದ್ದು ಕೈಯ ನೆನಪನ್ನೇ.

ಮಗಳಿಗೆ ಫೋನು ಮಾಡಿದೆ. ಎತ್ತಲಿಲ್ಲ. ಓಡಿಸುವಾಗ ಫೋನು ಬ್ಯಾಗಿನಲ್ಲಿರಬೇಕೆಂದು ಕಲಿಸಿದವನು ನಾನೇ. ಮತ್ತೆ ಮಾಡಿದೆ, ಮತ್ತೆ ಮಾಡಿದೆ. ಅಡುಗೆಮನೆಯಿಂದ ಹೆಂಡತಿ ಏನಾಯಿತೆಂದು ಕೇಳಿದಳು. ಸ್ಪೇರ್ ಪಾರ್ಟ್ ತರಬೇಕೆಂದು ಹೇಳಿ ಸ್ಕೂಟರ್ ಹತ್ತಿದೆ. ಕನ್ನಡಕ ಬಿಟ್ಟು ಬಂದದ್ದು ಊರು ದಾಟಿದ ಮೇಲೆ ಗೊತ್ತಾಯಿತು. ತಿರುಗಿ ಹೋಗುವ ಧೈರ್ಯ ಬರಲಿಲ್ಲ.

ಆ ರಸ್ತೆಯಲ್ಲಿ ಭತ್ತದ ಲಾರಿಗಳು ಒಂದರ ಹಿಂದೊಂದು ಬರುತ್ತವೆ. ಎದುರಿಗೆ ಬಂದ ಪ್ರತಿಯೊಂದು ಲಾರಿಯ ಮುಂಭಾಗವನ್ನೂ ನೋಡುತ್ತಿದ್ದೆ, ಬೆಳ್ಳಿ ಬಣ್ಣ ಮೆತ್ತಿದೆಯೇ ಎಂದು. ಕಾಲುವೆ ಬಂದಾಗಲೆಲ್ಲ ನಿಧಾನ ಮಾಡಿ ನೀರಿನ ಕಡೆ ಕಣ್ಣು ಕಿರಿದು ಮಾಡಿ ನೋಡಿದೆ. ಒಂದು ತಿರುವಿನಲ್ಲಿ ಜನ ಗುಂಪು ಕೂಡಿದ್ದರು. ಸ್ಕೂಟರ್ ನಿಲ್ಲಿಸಿದ್ದು ನೆನಪಿಲ್ಲ, ಓಡುತ್ತಿದ್ದದ್ದು ನೆನಪಿದೆ. ಅಲ್ಲಿ ಟ್ರ್ಯಾಕ್ಟರಿನ ಟ್ರೇಲರ್ ಒಂದು ಕಡೆ ವಾಲಿ ಚೀಲಗಳು ಕೆಳಗೆ ಬಿದ್ದಿದ್ದವು, ಅಷ್ಟೆ. ಯಾರಿಗೂ ಏನೂ ಆಗಿಲ್ಲವೆಂದು ಸಮಾಧಾನವಾಗಲಿಲ್ಲ. ಹಾಗಾದರೆ ಮುಂದೆಲ್ಲೋ ಆಗಿರುತ್ತದೆ ಎಂದೇ ಅನ್ನಿಸಿತು.

ಕುರುಗೋಡಿಗೆ ತಿರುಗುವ ಕ್ರಾಸಿನಲ್ಲಿ ನಿಂತೆ. ಮಗಳು ಕೆಲವು ದಿನ ನೇರವಾಗಿ ಸಿರುಗುಪ್ಪಕ್ಕೆ ಹೋಗುತ್ತಾಳೆ, ಕೆಲವು ದಿನ ಕುರುಗೋಡಿನಲ್ಲಿರುವ, ಅದೇ ಕಾಲೇಜಿನ ಮೇಡಂ ಒಬ್ಬರನ್ನು ಹತ್ತಿಸಿಕೊಂಡು ಹೋಗುತ್ತಾಳೆ. ತಪ್ಪು ದಾರಿ ಹಿಡಿದರೆ ಮುಗಿಯಿತು. ಚಹಾ ಅಂಗಡಿಯವನನ್ನು ಕೇಳಿದೆ. ಅವನಿಗೆ ಬಣ್ಣ ನೆನಪಿರಲಿಲ್ಲ, ಸದ್ದು ನೆನಪಿತ್ತು.

"ಸಣ್ಣ ಗಾಡಿ, ದೊಡ್ಡ ಸೌಂಡು. ಅದೇ ಅಲ್ಲೇನ್ರಿ? ಕುರುಗೋಡ ಕಡೆ ಹೋತು."

ಆ ಸದ್ದು ನಾನೇ ಆಸೆಪಟ್ಟು ಮಾಡಿದ್ದು. ಆ ಇಂಜಿನ್ನಿನ ವೇಗವೂ ನಾನೇ ಕೊಟ್ಟದ್ದು. ಕಂಪನಿಯಿಂದ ಬಂದ ಹಾಗೆಯೇ ಬಿಟ್ಟಿದ್ದರೆ ಆ ಕಾರು ಅಷ್ಟು ಜೋರಾಗಿ ಓಡುತ್ತಲೇ ಇರಲಿಲ್ಲ. ಕುರುಗೋಡು ತಲುಪುವವರೆಗೆ ಅದೊಂದೇ ಯೋಚನೆ ತಲೆಯಲ್ಲಿ ಸುತ್ತುತ್ತಿತ್ತು.

ಗುಡಿಯ ಕಡೆಗೆ ಹೋಗುವ ಬೀದಿಯಲ್ಲಿ ಆ ಮೇಡಂ ಮನೆಯ ಮುಂದೆ ಕಾರು ನಿಂತಿತ್ತು. ಮಗಳು ಒಳಗೆ ಕೂತು ಇಂಜಿನ್ ಶುರು ಮಾಡಿದ್ದಳು, ಮೇಡಂ ಪಕ್ಕದಲ್ಲಿ ಕೂತಿದ್ದರು. ನಾನು ಸ್ಕೂಟರನ್ನು ಕಾರಿಗೆ ಅಡ್ಡ ತಂದು ನಿಲ್ಲಿಸಿದೆ.

"ಬಂದ್ ಮಾಡವ್ವಾ. ಇಳಿ ಕೆಳಗ," ಎಂದೆ.

ಆಕೆ ಹೆದರಿ, ಅವ್ವನಿಗೆ ಏನಾಯಿತೆಂದು ಕೇಳಿದಳು. ಯಾರಿಗೂ ಏನೂ ಆಗಿಲ್ಲ, ಸ್ಟೇರಿಂಗನ್ನು ಪೂರ್ತಿ ಒಂದು ಕಡೆಗೆ ತಿರುಗಿಸು ಎಂದು ಹೇಳಿ ರಸ್ತೆಯ ಮೇಲೆ ಮಲಗಿದೆ. ಚಕ್ರದ ಹಿಂದೆ ಕೈ ಹಾಕಿದೆ. ಗ್ರೀಸಿನ ಕಪ್ಪು ಮುದ್ದೆಯೊಂದು ಮಸುಕಾಗಿ ಕಾಣುತ್ತಿತ್ತು, ಬೇರೇನೂ ಕಾಣಲಿಲ್ಲ. ಬೆರಳಾಡಿಸಿದೆ. ಪಿನ್ನು ಇದ್ದರೂ ಇಲ್ಲದಿದ್ದರೂ ನನ್ನ ಬೆರಳಿಗೆ ಒಂದೇ ಆಗಿತ್ತು. ಹತ್ತಿ ಸುತ್ತಿಕೊಂಡು ಮುಟ್ಟಿದ ಹಾಗೆ.

ಎದ್ದು ಕೂತು ಮಗಳಿಗೆ ಹೇಳಿದೆ: "ನನ್ನ ಕೈಗೆ ತಿಳೀವಲ್ದು. ನೀ ಮುಟ್ಟಿ ನೋಡು."

ಆಕೆ ಒಂದು ಕ್ಷಣ ನನ್ನ ಮುಖ ನೋಡಿದಳು. ಸೀರೆಯ ಸೆರಗು ಸಿಗಿಸಿಕೊಂಡು ಮಂಡಿಯೂರಿದಳು. ಎಲ್ಲಿ ಮುಟ್ಟಬೇಕು, ಏನು ಹುಡುಕಬೇಕು ಎಂದು ಹೇಳುತ್ತ ಹೋದೆ. ಬಲಗಡೆಯ ಪಿನ್ನು ಸರಿಯಾಗಿತ್ತು. ಎಡಗಡೆಗೆ ಹೋಗಿ ಕೈ ಹಾಕಿ ತಡಕಿದಳು.

"ಐತಿ ಅಪ್ಪ. ಆದ್ರ ಕಾಲು ಬಗ್ಗಿಲ್ಲ. ನೆಟ್ಟಗ ಐತಿ. ಜಗ್ಗಿದ್ರ ಬರ್ತೈತಿ."

ಇಕ್ಕಳದಿಂದ ಬಗ್ಗಿಸಿದ್ದೇನೆಂದು ನಾನು ನಂಬಿದ್ದೆ. ಇಕ್ಕಳ ಪಿನ್ನನ್ನು ಹಿಡಿದೇ ಇರಲಿಲ್ಲ. ಬೆಂಚಿನ ಕೆಳಗೆ ಸಿಕ್ಕದ್ದು ಪೊಟ್ಟಣದ ಹೆಚ್ಚುವರಿ ಪಿನ್ನೇ ಆಗಿತ್ತು. ಕಾರಿನ ಹಿಂದಿದ್ದ ಪೆಟ್ಟಿಗೆಯಿಂದ ಇಕ್ಕಳ ತೆಗೆದು ಮಗಳ ಕೈಗೇ ಕೊಟ್ಟೆ. ಆಕೆ ಪಿನ್ನಿನ ಕಾಲುಗಳನ್ನು ಬಗ್ಗಿಸಿದಳು. ಆಮೇಲೆ ಸೆರಗಿನ ತುದಿಯಿಂದಲೇ ನನ್ನ ಕೈಯ ಗ್ರೀಸು ಒರೆಸಿ, ಸುಟ್ಟು ಒಣಗಿದ ಗುರುತನ್ನು ನೋಡಿದಳು.

"ಎಷ್ಟು ದಿನ ಆತು?"

ಹೇಳಿದೆ. ಆಕೆ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಸ್ಕೂಟರನ್ನು ಆ ಮನೆಯಲ್ಲೇ ಬಿಟ್ಟು ಕಾರು ಹತ್ತಲು ಹೇಳಿದಳು. ಮೇಡಂ ತಾವಾಗಿಯೇ ಹಿಂದಿನ ಸೀಟಿಗೆ ಹೋದರು. ಸಿರುಗುಪ್ಪದವರೆಗೆ ನಾನು ಕಟ್ಟಿದ ಕಾರಿನಲ್ಲಿ ನಾನೇ ಕೂತು, ಪ್ರತಿ ಗುಂಡಿಗೂ ಕಾಲು ಒತ್ತಿ ಹಿಡಿಯುತ್ತಿದ್ದೆ. ಆ ಕಾರಿನಲ್ಲಿ ನನ್ನ ಕೈ ಮುಟ್ಟದ ಬೋಲ್ಟು ಒಂದೂ ಇಲ್ಲ. ಅವುಗಳಲ್ಲಿ ಯಾವುವು ಕೈಗೆ ಸ್ಪರ್ಶ ಇದ್ದಾಗ ಬಿಗಿದವು, ಯಾವುವು ಆಮೇಲೆ ಬಿಗಿದವು ಎಂದು ಲೆಕ್ಕ ಹಾಕುತ್ತ ಹೋದೆ, ಲೆಕ್ಕ ಸಿಗಲಿಲ್ಲ.

ಬಳ್ಳಾರಿಯ ಡಾಕ್ಟರು ನರಗಳು ಸತ್ತಿವೆ, ಇದ್ದಷ್ಟನ್ನು ಉಳಿಸಿಕೊಳ್ಳಬಹುದು, ಹೋದದ್ದು ಬಹುಶಃ ಬರುವುದಿಲ್ಲ ಎಂದರು. ಗ್ಯಾರೇಜಿನಲ್ಲಿ ಬ್ರೇಕು, ಸ್ಟೇರಿಂಗಿನ ಕೆಲಸ ಬಿಟ್ಟೆ. ಶೆಡ್ಡಿಗೆ ಬೀಗ ಬೀಳಲಿಲ್ಲ. ಬದಲಿಗೆ, ಅದರೊಳಗೆ ಎಂದೂ ಕಾಲಿಡದ ನನ್ನ ಹೆಂಡತಿ ಈಗ ಭಾನುವಾರ ಅಡುಗೆ ಮುಗಿಸಿ ಬರುತ್ತಾಳೆ. ನಾನು ಬಿಗಿದದ್ದನ್ನು ಒಂದೊಂದಾಗಿ ಮುಟ್ಟಿ ನೋಡುತ್ತಾಳೆ. ಮೊನ್ನೆ ಒಂದು ನಟ್ಟನ್ನು ಎರಡು ಬೆರಳಲ್ಲಿ ತಿರುಗಿಸಿ, "ಇದು ಸಡ್ಲ ಐತ್ರಿ," ಎಂದಳು. ನಾನು ಅದನ್ನು ಬಿಗಿದು ತೃಪ್ತಿಯಿಂದ ಬೀಡಿ ಹಚ್ಚಿದ್ದೆ. ಬೀಡಿಯನ್ನು ಆರಿಸಿ, ಮೊದಲನೆಯ ನಟ್ಟಿನಿಂದ ಮತ್ತೆ ಶುರು ಮಾಡೋಣವೆಂದು ಆಕೆಯನ್ನು ಕೇಳಿಕೊಂಡೆ.