ಗ್ಯಾಲರಿಯ ತುಳಸಿ

ಆ ದಿನಗಳ ಮುಂಬಯಿ ಚಾಳಿನ ಬದುಕು ಎಷ್ಟು ಚೆಂದವಿತ್ತು ಎಂದು ನನ್ನ ವಾರಿಗೆಯವರು ಬರೆಯುತ್ತಾರೆ. ಬರೆಯಲಿ. ಒಬ್ಬರ ಮನೆಯ ಒಗ್ಗರಣೆಯ ಘಮ ಇನ್ನೊಬ್ಬರ ಮನೆಗೆ ಬರುತ್ತಿತ್ತು, ನಿಜ. ಸಂಡಾಸಿನ ನಾತವೂ ಬರುತ್ತಿತ್ತು.

ಎಪ್ಪತ್ತರ ದಶಕ ಆಗಷ್ಟೇ ಶುರುವಾಗಿತ್ತು. ವಿಕ್ರೋಳಿಯ ಚಾಳಿನ ಎರಡನೇ ಮಾಳಿಗೆಯಲ್ಲಿ ನಮ್ಮದು ಒಂದೇ ಖೋಲಿ. ಅಪ್ಪ ಕಾರ್ಖಾನೆಗೆ ಹೋಗುತ್ತಿದ್ದ. ಮನೆ ಆಳುತ್ತಿದ್ದವಳು ಅಪ್ಪನ ಅಕ್ಕ, ನಮ್ಮ ಅತ್ತಿ. ವಿಜಾಪುರದ ಕಡೆಯಿಂದ ಬರುವಾಗ ಊರನ್ನೇ ಗಂಟು ಕಟ್ಟಿಕೊಂಡು ಬಂದಿದ್ದಳು.

ಅವಳಿಗೆ ತುಳಸಿ ಬೇಕೇ ಬೇಕು. ಖೋಲಿಯ ಮುಂದಿನ ಗ್ಯಾಲರಿಯಲ್ಲಿ ಡಾಲ್ಡಾ ಡಬ್ಬಿಯ ತಳಕ್ಕೆ ತೂತು ಹೊಡೆದು ಸಸಿ ಹಚ್ಚಿದಳು. ದೇವರ ಮೈ ತೊಳೆದ ನೀರನ್ನು ಕಾಲು ತುಳಿಯುವ ಕಡೆ ಚೆಲ್ಲಬಾರದು. ಊರಲ್ಲಾದರೆ ಅದನ್ನು ಅಂಗಳದ ತುಳಸಿ ಕಟ್ಟೆಗೆ ಹಾಕುತ್ತಿದ್ದರು, ನೆಲ ಕುಡಿಯುತ್ತಿತ್ತು. ಇಲ್ಲಿ ಹಾಲು, ಮೊಸರು, ಸಕ್ಕರೆ, ಅರಿಶಿನದ ನೀರು ಎಲ್ಲವೂ ದಿನಾ ಬೆಳಗ್ಗೆ ಆ ಡಬ್ಬಿಗೇ. ತಳದ ತೂತುಗಳಿಂದ ಅದು ಕೆಳಗಿನ ಮನೆಯ ಶೇವಂತಾಬಾಯಿ ಒಣಹಾಕಿದ ಸೀರೆಗಳ ಮೇಲೆ ಸೋರಿತು. ಆಕೆ ದಡದಡ ಮೇಲೆ ಹತ್ತಿ ಬಂದಳು.

“ಉಚಲಾ ತೋ ಡಬಾ, ನಾಹೀತರ್ ಫೇಕೂನ್ ದೇಯೀನ್!”

ತೆಗೆಯಿರಿ, ಇಲ್ಲವಾದರೆ ಎಸೆಯುತ್ತೇನೆ ಎಂದು. ಅಪ್ಪ ಆ ರವಿವಾರವೇ ತೂತುಗಳಿಗೆ ಡಾಂಬರು ಮೆತ್ತಿದ. ಜಗಳ ನಿಂತಿತು, ಗಿಡ ಸಾಯತೊಡಗಿತು.

ಎಲೆಗಳು ಹಳದಿಯಾಗಿ ಉದುರಿದವು. ಅಪ್ಪ ಗ್ರಾಂಟ್ ರೋಡಿನಿಂದ ಇನ್ನೊಂದು ಸಸಿ ತಂದ. ಅದೂ ಹೋಯಿತು. ಅದೇ ಹೊತ್ತಿಗೆ ನಾನು ದೊಡ್ಡವಳಾಗಿದ್ದೆ. ಅತ್ತಿಯ ಕೈಗೆ ಕಳ್ಳ ಸಿಕ್ಕಹಾಗಾಯಿತು.

“ಇಕಿ ನೆರಳು ಬಿದ್ದದ. ಮುಟ್ಟಾಗಿ ಕುಂತಾಗ ಗಿಡದ ಕಡೀನ ನೋಡ್ತಾಳ, ಖೋಡಿ.”

ಅಂದಿನಿಂದ ತಿಂಗಳ ಆ ದಿನಗಳಲ್ಲಿ ನನ್ನನ್ನು ಗ್ಯಾಲರಿಯ ತುದಿಗೆ, ಸಂಡಾಸಿನ ಬಾಗಿಲ ಬದಿಗೆ ಗೋಣಿಚೀಲ ಹಾಸಿ ಕೂರಿಸಿದಳು. ಸಾಲಿಗೂ ಕಳಿಸುತ್ತಿರಲಿಲ್ಲ. ನೀರಿನ ಡಬ್ಬಿ ಹಿಡಿದು ಪಾಳಿ ನಿಂತ ಇಡೀ ಚಾಳಿಗೆ ಗೊತ್ತಾಗುತ್ತಿತ್ತು. ಹುಡುಗರು ಕಿಸಕ್ಕನೆ ನಗುತ್ತಿದ್ದರು. ಅತ್ತಿಯನ್ನು ದ್ವೇಷಿಸುವುದನ್ನು ನಾನು ಅಲ್ಲಿ ಕೂತು ಕಲಿತೆ.

ಮುಂದಿನ ಗಿಡವೂ ಹಳದಿಯಾದ ದಿನ ಅತ್ತಿ ಅಪ್ಪನಿಗೆ ಹೇಳಿದ್ದು ನನಗೆ ಗೋಣಿಚೀಲದ ಮೇಲೆ ಕೂತಲ್ಲಿಗೇ ಕೇಳಿಸಿತು.

“ತಮ್ಮಾ, ಇಕೀನ್ನ ಊರಿಗೆ ಕಳಸು. ಸಾಲಿ ಕಲತದ್ದು ಸಾಕು. ಇಕಿ ಇರೂತನಕ ಈ ಮನ್ಯಾಗ ಹಸರು ನಿಲ್ಲೂದಿಲ್ಲ.”

ಅವ್ವ ಸ್ಟೋವಿಗೆ ಪಂಪು ಹೊಡೆಯುತ್ತಲೇ ಇದ್ದಳು. ಊರ ಸಾಲಿ ಕೆಳಗಿನ ತರಗತಿಗಳಿಗೇ ಮುಗಿಯುತ್ತಿತ್ತು, ನನ್ನ ಇಯತ್ತೆ ಅಲ್ಲಿರಲಿಲ್ಲ. ನನಗೆ ತಲೆ ಕೆಟ್ಟಿತು. ಎದ್ದು ಹೋದವಳೇ ತುಳಸಿಯನ್ನು ಬುಡಸಮೇತ ಕಿತ್ತು ಅಪ್ಪನ ಮುಂದೆ ಹಿಡಿದೆ. ಬೇರು ಕಪ್ಪಗೆ ಕೊಳೆತು ಲೋಳೆಯಾಗಿತ್ತು. ಹಳಸಿದ ಮೊಸರಿನ ನಾತಕ್ಕೆ ಸಂಡಾಸಿನ ಪಾಳಿಯವರೇ ಮೂಗು ಮುಚ್ಚಿಕೊಂಡರು.

“ನೋಡಪ್ಪಾ! ಅತ್ತಿ ಹಾಲು ಮೊಸರು ಸುರದು ಕೊಂದಾಳ. ನೀರು ಹೋಗಾಕ ನೀ ದಾರಿ ಬಿಟ್ಟಿಲ್ಲ. ನಾ ಅಲ್ಲ, ನಾ ಕೊಂದಿಲ್ಲ!”

ಅಪ್ಪ ಡಬ್ಬಿ ಎತ್ತಿ ತಳ ನೋಡಿದ. ಅವನಿಗೆ ತಿಳಿಯಿತು. ತಿಳಿದದ್ದನ್ನು ನಾನು ಅವನ ಮುಖದಲ್ಲೇ ಕಂಡೆ.

“ಮುಟ್ಟಾದಾಕಿ ತುಳಸಿ ಕಿತ್ತಳು,” ಎಂದಳು ಅತ್ತಿ. “ನೋಡಿದೇನು ತಮ್ಮಾ?”

ಅಪ್ಪ ಡಬ್ಬಿ ಕೆಳಗಿಟ್ಟು, ನನ್ನತ್ತ ನೋಡದೆ, “ಇಕಿ ಬಟ್ಟಿ-ಅರಬಿ ಗಂಟು ಕಟ್ಟು,” ಎಂದು ಅವ್ವನಿಗೆ ಹೇಳಿದ.

ಈಗ ಆ ಚಾಳು ಇಲ್ಲ, ಅಲ್ಲೊಂದು ಟವರ್ ಎದ್ದಿದೆ. ಎಂಥ ಜಾಗ ಕಳೆದುಕೊಂಡೆವು ಎಂದು ಉಳಿದವರು ಹಲುಬುತ್ತಾರೆ. ನಾನು ಕಳೆದುಕೊಂಡದ್ದು ಸಾಲಿ. ಇಷ್ಟು ಬರೆಯುವುದನ್ನು ಆಮೇಲೆ ಹೇಗೋ ನಾನೇ ಕಲಿತೆ.

ನನ್ನನ್ನು ಕಳಿಸಿದ ಮರುವರ್ಷ ಅವ್ವ ಊರಿಗೆ ಬಂದಾಗ ನನ್ನ ತಲೆ ಬಾಚುತ್ತ ಮೆಲ್ಲಗೆ ಹೇಳಿದಳು: “ನೀ ಬಂದ ಮ್ಯಾಲೂ ತುಳಸಿ ನಿಲ್ಲಲಿಲ್ಲ, ಯವ್ವಾ. ಹಚ್ಚಿದ್ದೆಲ್ಲಾ ಹೋತು.”

ಹಾಗಾದರೆ ನನ್ನನ್ನು ಕರೆದುಕೊಂಡು ಹೋಗುತ್ತೀಯಾ ಎಂದು ಕೇಳಿದೆ. ಅವ್ವ ಜಡೆ ಬಿಗಿಯಾಗಿ ಕಟ್ಟಿ, ಎದ್ದು ಒಳಗೆ ಹೋದಳು.